ಪುಟ್ಟಿಯನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿದ್ದು

ನನ್ನ ಮಗಳ ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ ಆಯಿತು. ಎರಡೂ ಕಾಲು ಬಿಗಿ. ಕಾಲಿಗೆ ಆಸರೆಯ ಪಟ್ಟಿ, ಅಂದರೆ ಸ್ಪ್ಲಿಂಟ್ ಕಟ್ಟಿಕೊಂಡು ವಾಕರ್ ಹಿಡಿದು ನಡೆಯುತ್ತಾಳೆ. ಮಾತು ನಿಧಾನ, ಬುದ್ಧಿ ಚುರುಕು. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಹಾಸನದಲ್ಲಿ ಅಪ್ಪ, ಅಮ್ಮ, ತಂಗಿ, ಅಪ್ಪನ ತಾಯಿ ಜೊತೆ ಇರುತ್ತಾಳೆ. ಬೇಸಿಗೆ ರಜಕ್ಕೆ ಮೈಸೂರಿಗೆ, ನಮ್ಮ ಮನೆಗೆ ಬರುತ್ತಾಳೆ.

ಏಪ್ರಿಲ್ ಬಂತೆಂದರೆ ಮೈಸೂರಿನ ತುಂಬಾ ಮಕ್ಕಳ ಶಿಬಿರಗಳು. ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಬಡಾವಣೆಯ ಶಾಲೆಗಳಲ್ಲಿ ನಡೆಯುವ ಸಣ್ಣ ಶಿಬಿರಗಳವರೆಗೆ. ನನ್ನ ಮಗನ ಮಗ ಪ್ರತಿ ವರ್ಷ ಒಂದಕ್ಕೆ ಹೋಗುತ್ತಾನೆ. ಸಂಜೆ ಬಂದು ನಾಟಕದ ಹಾಡು, ಮಾತು ಎಲ್ಲ ಹೇಳುತ್ತಾನೆ. ಪುಟ್ಟಿ ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಹೋದ ವರ್ಷ ಸಂಕ್ರಾಂತಿಗೆ ಬಂದಾಗ "ಅಜ್ಜಿ, ಈ ಸಲ ನಾನೂ ಹೋಗ್ತೀನಿ" ಅಂದಳು. ಕೇಳಿದ್ದಲ್ಲ, ತೀರ್ಮಾನ ಹೇಳಿದ್ದು.

ಮನೆಯಲ್ಲಿ ಎಲ್ಲರೂ ಬೇಡ ಅಂದರು. ಆದರೆ ಒಬ್ಬೊಬ್ಬರ ಬೇಡಕ್ಕೂ ಬೇರೆ ಬೇರೆ ಕಾರಣ ಇತ್ತು. ಅದನ್ನು ಬಿಡಿಸಿ ನೋಡಿದ್ದರಿಂದಲೇ ಈ ಕೆಲಸ ಆಯಿತು ಅಂತ ನನ್ನ ನಂಬಿಕೆ.

ಮಗಳಿಗೆ ಫಿಟ್ಸ್ ಭಯ. ಪುಟ್ಟಿಗೆ ಫಿಟ್ಸ್ ಬಂದು ಎರಡು ವರ್ಷ ಆಗಿದೆ, ಆದರೂ ಸಿರಪ್ ನಿಂತಿಲ್ಲ. ಅಳಿಯಂದಿರಿಗೆ ಬೇರೆ ಮಕ್ಕಳು ಆಡಿಕೊಂಡು ನಗುತ್ತಾರೆ ಅನ್ನುವ ಸಂಕಟ. ಬೀಗಿತ್ತಿಯವರು, "ಇಡೀ ಊರಿಗೆ ತೋರಿಸಬೇಕಾ? ಚಿಕ್ಕವಳೂ ಒಬ್ಬಳಿದ್ದಾಳೆ, ನಾಳೆ ಅವಳಿಗೆ ಗಂಡು ನೋಡೋದು ಬೇಡ್ವಾ?" ಅಂದರು. ಆ ಮಾತು ನನಗೆ ನೋವಾಯಿತು. ಹಾಗಂತ ಅವರನ್ನು ಕೆಟ್ಟವರು ಅನ್ನಲಾರೆ. ಪುಟ್ಟಿ ಎಳೆಮಗುವಾಗಿದ್ದಾಗಿನಿಂದ ದಿನಾ ಕಾಲು ನೀವಿ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿಸುತ್ತಾ ಬಂದವರು ಅವರೇ.

ನನ್ನ ಸೊಸೆಯ ಮಾತನ್ನು ಮಾತ್ರ ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ಅತ್ತೆ, ಇಬ್ಬರೂ ಒಂದೇ ಶಿಬಿರಕ್ಕೆ ಹೋದರೆ ಇವನು ಅವಳನ್ನ ನೋಡ್ಕೊಂಡು ಕೂರಬೇಕಾಗತ್ತೆ" ಅಂದಳು. ಮಗಳಿಗೆ ಇದು ಚುಚ್ಚಿತು. ನಾದಿನಿ ಅತ್ತಿಗೆ ತುಂಬಾ ದಿನ ಮಾತು ಬಿಟ್ಟರು. ನನ್ನ ಕೇಳಿದರೆ, ಎಲ್ಲರಿಗಿಂತ ನ್ಯಾಯದ ಮಾತು ಅದೇ. ಹತ್ತು ವರ್ಷದ ಹುಡುಗ ಆಡಲು ಹೋಗಿದ್ದಾನೆ. ಅವನ ಹೆಗಲಿಗೆ ವಾಕರ್, ಬ್ಯಾಗು, ಬಾತ್‌ರೂಮಿನ ಜವಾಬ್ದಾರಿ ಹಾಕಿದರೆ ಅವನಿಗೂ ಬೇಸರ, ಅವಳಿಗೂ ಹಂಗು. ಅಣ್ಣ ತಂಗಿಯಾಗಿ ಇರಬೇಕಾದವರ ನಡುವೆ ಅದು ಬೇಡ.

ನನ್ನ ಅಕ್ಕ ಒಂದು ಉಪಾಯ ಹೇಳಿದಳು. ಹೇಗೂ ರಜಕ್ಕೆ ನಿನ್ನ ಮನೆಯಲ್ಲೇ ಇರ್ತಾಳೆ, ಸುಮ್ನೆ ಸೇರಿಸಿಬಿಡು, ಹಾಸನದವರಿಗೆ ಯಾರು ಹೇಳ್ತಾರೆ ಅಂತ. ಅದು ಆಗದ ಮಾತು. ಅಪ್ಪನ ಹತ್ತಿರ ಸುಳ್ಳು ಹೇಳುವ ಭಾರ ಮಗುವಿನ ಮೇಲೆ ಬೀಳುತ್ತದೆ. ಅದೂ ಅಲ್ಲದೆ ನಾನು ಹೆಣ್ಣು ಕೊಟ್ಟವಳು. ಒಂದು ಸಣ್ಣ ಗಾಯ ಆದರೂ ಆ ಮಾತನ್ನೆಲ್ಲ ಕೇಳಬೇಕಾದವಳು ನನ್ನ ಮಗಳು. ಅಪ್ಪ ಅಮ್ಮ ಇಬ್ಬರ ಸಹಿ ಇಲ್ಲದೆ ಅರ್ಜಿ ಕೊಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಅಳಿಯಂದಿರಿಗೆ ಫೋನ್ ಮಾಡಿ, "ಒಪ್ಪಿ ಅಂತ ಹೇಳಲ್ಲ, ಏನೇನು ಇದ್ದರೆ ಒಪ್ತೀರಿ ಹೇಳಿ, ಬರ್ಕೋತೀನಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು. ಬಿದ್ದರೆ ಎತ್ತೋರು ಯಾರು, ಬಾತ್‌ರೂಮಿಗೆ ಕರ್ಕೊಂಡು ಹೋಗೋರು ಯಾರು, ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಯಾರಿಗೆ ಗೊತ್ತಿರತ್ತೆ. ಎಲ್ಲ ಬರೆದುಕೊಂಡೆ. ಆ ಹಾಳೆ ಹಿಡಿದೇ ಶಿಬಿರ ಹುಡುಕಲು ಹೊರಟೆ.

ಮೊದಲು ಹೋದ ಕಡೆ "ಮುಂದಿನ ವರ್ಷ ನೋಡೋಣ ಅಮ್ಮ" ಅಂತ ನಯವಾಗಿ ಸಾಗಹಾಕಿದರು. ಮಗನಿಗೆ ಸಿಟ್ಟು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೆಗೆದ. ಓದುವುದರಲ್ಲಷ್ಟೇ ಅಲ್ಲ, ಆಟ ಮನರಂಜನೆಯಲ್ಲೂ ಈ ಮಕ್ಕಳಿಗೆ ಸಮಾನ ಅವಕಾಶ ಇರಬೇಕು ಅಂತ ಅದರ 16ನೇ ಸೆಕ್ಷನ್ ಶಾಲೆಗಳಿಗೆ ಹೇಳುತ್ತದೆ. ಅದು ತಿಳಿದಿರಲೇಬೇಕು, ಶಾಲೆಯ ವಿಷಯದಲ್ಲಿ ನಾನೂ ಜಗಳ ಆಡಿದ್ದೇನೆ. ಆದರೆ ರಜದ ಕೆಲವೇ ವಾರಗಳಿಗೆ, ಬೇಡ ಅಂದವರ ಕೈಗೆ ಮಗುವನ್ನು ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಕಡೆ, ಹಳೇ ಶಾಲೆಯೊಂದರಲ್ಲಿ ರಂಗಶಿಬಿರ ನಡೆಸುವ ಮೇಷ್ಟ್ರು, "ನನಗೆ ಇದರ ಅನುಭವ ಇಲ್ಲ. ಏನು ಬೇಕು ಅಂತ ಬರೆದು ಕೊಡಿ, ಮಾಡೋಣ" ಅಂದರು. ಗೊತ್ತಿಲ್ಲ ಅಂತ ಹೇಳುವವರನ್ನು ನಾನು ಜಾಸ್ತಿ ನಂಬುತ್ತೇನೆ.

ಶಿಬಿರ ನೋಡಲು ಹೋದರೆ ವೇದಿಕೆ ಆಮೇಲೆ ನೋಡಿ, ಮೊದಲು ಶೌಚಾಲಯ ನೋಡಿ. ಅಲ್ಲಿದ್ದದ್ದು ನೆಲದ ಮೇಲಿನದು, ಪುಟ್ಟಿ ಕುಕ್ಕರುಗಾಲಲ್ಲಿ ಕೂರಲಾರಳು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿಯೊಂದನ್ನು ತಂದು ಅಲ್ಲೇ ಇಟ್ಟೆವು. ಹಾಲಿಗೆ ಹೋಗಲು ಎರಡು ಮೆಟ್ಟಿಲು, ಸೇರಿ ಒಂದು ಅಡಿ ಎತ್ತರ. ಹಲಗೆ ಹಾಕಿದರೆ ಆಯ್ತಲ್ಲ ಅಂತ ಅಲ್ಲಿದ್ದವರು ಅಂದರು. ಆದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ವಾಕರ್ ಜಾರುತ್ತದೆ. ಕೊನೆಗೆ ಮೇಷ್ಟ್ರು ಹಾಲನ್ನೇ ಬಿಟ್ಟು ಹೊಂಗೆ ಮರದ ಕೆಳಗೆ ಎಲ್ಲ ಮಕ್ಕಳನ್ನೂ ಕೂರಿಸಿದರು. ಏಪ್ರಿಲ್ ಬಿಸಿಲಿಗೆ ಅದೇ ಎಲ್ಲರಿಗೂ ತಂಪಾಯಿತು.

ಜೊತೆಗಿರಲು ನಮ್ಮ ಬೀದಿಯ ಒಬ್ಬಳು ಹುಡುಗಿಯನ್ನು ಸಂಬಳಕ್ಕೆ ಗೊತ್ತು ಮಾಡಿದೆ. ಡಿಗ್ರಿ ಓದುತ್ತಾಳೆ, ಪುಟ್ಟಿಗೆ ಮೊದಲೇ ಸಲಿಗೆ. ದುಡ್ಡು ನನ್ನ ಪೆನ್ಷನ್ನಿನದು. ಅವಳಿಗೆ ಒಂದೇ ಮಾತು ಹೇಳಿದ್ದೆ: ಕಣ್ಣಿಗೆ ಕಾಣುವಷ್ಟು ದೂರ ಇರು, ಕರೆದರೆ ಮಾತ್ರ ಹೋಗು. ಸೊಸೆಯನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳ ಮುಖ ಸಡಿಲವಾಯಿತು. ಬೆಳಿಗ್ಗೆ ಇಬ್ಬರಿಗೂ ಡಬ್ಬಿ ಕಟ್ಟುವುದು ತನ್ನ ಕೆಲಸ ಅಂತ ಅವಳೇ ಅಂದಳು.

ಫಿಟ್ಸ್ ವಿಷಯಕ್ಕೆ ಡಾಕ್ಟರ ಹತ್ತಿರ ಚೀಟಿ ಬರೆಸಿದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. 5 ನಿಮಿಷಕ್ಕೂ ನಿಲ್ಲದಿದ್ದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಸ್ಪ್ರೇ, ಕೂಡಲೇ ಆಸ್ಪತ್ರೆ. ಸ್ಪ್ರೇ ಎಷ್ಟು ಅನ್ನುವುದು ಮಗುವಿನ ತೂಕದ ಮೇಲೆ, ಹಾಗಾಗಿ ಡಾಕ್ಟರೇ ಬರೆಯಬೇಕು. ಮಗಳು ಹಾಸನದಿಂದ ಬಂದು ಶಿಬಿರದವರ ಮುಂದೆ ಇದನ್ನು ತಾನೇ ವಿವರಿಸಿದಳು. ಹೇಳುತ್ತಾ ಹೇಳುತ್ತಾ ಅವಳ ಭಯವೂ ಇಳಿಯಿತು. ಚೀಟಿಯ ಜೊತೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿನ ಜೆರಾಕ್ಸ್, ನಿರಾಮಯ ವಿಮೆಯ ಕಾಗದ ಇಟ್ಟೆವು. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಕೊಡುವ ಈ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಇನ್ನೂ ಮಾಡಿಸದವರು ಮಾಡಿಸಿ.

ಬಿಸಿಲಿಗೆ ಸ್ಪ್ಲಿಂಟ್ ಒಳಗೆ ಕಾಲು ಬೆವರುತ್ತದೆ. ಒಂದು ಜೊತೆ ಹತ್ತಿಯ ಕಾಲುಚೀಲ ಜಾಸ್ತಿ ಕಳಿಸುತ್ತಿದ್ದೆ. ಸಂಜೆ ಬಿಚ್ಚಿ ನೋಡಬೇಕು. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಸ್ಪ್ಲಿಂಟ್ ಒತ್ತುತ್ತಿದೆ ಅಂತಲೇ ಅರ್ಥ. 2023ರ ಜೂನ್‌ನಿಂದ ಹೆಂಗಸರಾದ ನಮಗೆ ಸಿಟಿ ಬಸ್ ಪುಕ್ಕಟೆ, ಆದರೆ ಅದರ ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟ. ಆಟೋ ಗೊತ್ತು ಮಾಡಿದೆವು.

ಅಳಿಯಂದಿರು ಹೆದರಿದ್ದು ಆಗದೆ ಇರಲಿಲ್ಲ. ಒಬ್ಬ ಹುಡುಗ ಅವಳ ನಡಿಗೆಯನ್ನು ಅಣಕಿಸಿದ, ಇಬ್ಬರು ನಕ್ಕರು. ಪುಟ್ಟಿ ಮನೆಗೆ ಬಂದು ಅತ್ತಳು. ಮಗಳು ಫೋನಿನಲ್ಲೇ "ಸಾಕಮ್ಮ, ಬಿಡಿಸಿಬಿಡು" ಅಂದಳು. ಅಂದು ರಾತ್ರಿ ಅಳಿಯಂದಿರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಮೇಷ್ಟ್ರು ಆ ಹುಡುಗನನ್ನು ಕೂರಿಸಿ ಮಾತಾಡಿದ್ದನ್ನೂ ಹೇಳಿದೆ. ಅವರು, "ಅವಳು ನಾಳೆ ಹೋಗ್ತಾಳಂತಾ?" ಅಂದರು. ಕೇಳಿದೆ. ಹೋಗ್ತೀನಿ ಅಂದಳು. "ಹಾಗಾದ್ರೆ ಕಳಿಸಿ ಅತ್ತೆ" ಅಂದರು.

ನಾಟಕದಲ್ಲಿ ಅವಳು ಮೇಳದವಳು. ಕುಳಿತು ತಾಳ ಹಾಕುತ್ತಾ ಹಾಡಿದಳು. ಸಾಲಿನ ಕೊನೆ ಅವಳ ಬಾಯಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ. ಮಕ್ಕಳೆಲ್ಲ ಅವಳ ಲಯಕ್ಕೇ ಹಾಡು ಹೊಂದಿಸಿಕೊಂಡಿದ್ದರು. ಮಗಳು ಅಳಿಯ ಇಬ್ಬರೂ ಬಂದಿದ್ದರು. ಬೀಗಿತ್ತಿಯವರು ಬರಲಿಲ್ಲ. ಗಟ್ಟಿ ತಿಂಡಿ ಪುಟ್ಟಿಗೆ ಅಗಿಯಲು ಕಷ್ಟ ಅಂತ ರಾಗಿ ಹುರಿಹಿಟ್ಟು ಮಾಡಿ ಕಳಿಸಿದ್ದರು.

ಈ ವರ್ಷವೂ ಅವರು ಒಪ್ಪಿಲ್ಲ. ಚಿಕ್ಕವಳ ಮದುವೆಯ ಮಾತು ಮತ್ತೆ ಬಂದಿದೆ, ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಅಳಿಯಂದಿರು ಮಾತ್ರ ಮೇಷ್ಟ್ರಿಗೆ ಫೋನ್ ಮಾಡಿ, ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸಲು ತಾವೇ ಬರುವುದಾಗಿ ಹೇಳಿದ್ದಾರಂತೆ.