ಗೋಳಗುಮ್ಮಟವನ್ನು ಎಳೆ ಎಣಿಸಿ ಬಟ್ಟೆಗೆ ತರುವ ಬಗೆ

ಕಸೂತಿ ಇಲ್ಲದೆಯೂ ಇಳಕಲ್ ಸೀರೆ ಮೈ ಮುಚ್ಚುತ್ತದೆ. ಸೂಜಿ ಆಡಿಸಿದ ಮಾತ್ರಕ್ಕೆ ಅದು ಹೆಚ್ಚು ದಿನ ಬಾಳುವುದೂ ಇಲ್ಲ. ಆದರೂ ಈ ಉತ್ತರ ಕರ್ನಾಟಕದ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಹೊಲದ ಕೆಲಸ ಮುಗಿಸಿ, ಉಳಿದ ಬೆಳಕಿನಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ, ತೊಟ್ಟಿಲುಗಳನ್ನು ಸೀರೆಗೆ, ಕುಬಸಕ್ಕೆ ಹಾಕುತ್ತ ಬಂದರು. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವ ರೂಢಿಯಿತ್ತು. ಮನುಷ್ಯನಿಗೆ ಕಲೆ ಯಾಕೆ ಬೇಕು ಎಂದು ಕೇಳುವವರಿಗೆ ನಾವು ಹೇಳುವುದಿಷ್ಟು: ದಿನಾ ಕಾಣುವ ಒಂದನ್ನು ಆರಿಸಿಕೊಂಡು ಎಳೆ ಎಣಿಸಿ ಬಟ್ಟೆಗೆ ತನ್ನಿ. ಕಣ್ಣೆದುರಿಗಿದ್ದೂ ಕಾಣದೆ ಉಳಿದದ್ದು ಎಷ್ಟಿತ್ತು ಎಂಬುದು ಆಗ ತಿಳಿಯುತ್ತದೆ.

ಕಲಿಯಲು ಮ್ಯಾಟಿ ಬಟ್ಟೆ, ಅಂದರೆ ನೇಯ್ಗೆಯಲ್ಲೇ ಚೌಕಗಳು ಎದ್ದು ಕಾಣುವ ಬಟ್ಟೆ, ತೆಗೆದುಕೊಳ್ಳಿ. ಅದರಲ್ಲಿ ಒಂದು ಚೌಕಕ್ಕೆ ಒಂದು ಹೊಲಿಗೆ. ಬಿಡಿ ಎಳೆ ಎಣಿಸಬೇಕಾದ ಕೈಮಗ್ಗದ ಬಟ್ಟೆಯಲ್ಲಾದರೆ ನಾಲ್ಕು ಎಳೆಗೆ ಒಂದು ಹೊಲಿಗೆ. ಇಳಕಲ್ ಸೀರೆಯ ಎಳೆ ಬಲು ಸಣ್ಣ, ಅದಕ್ಕೆ ಆಮೇಲೆ ಕೈಹಾಕಿ. ಸೂಜಿಯ ಮೊನೆ ಮೊಂಡಾಗಿರಲಿ, ಚೂಪಾದದ್ದು ಎಳೆಯನ್ನೇ ಸೀಳುತ್ತದೆ. ದಾರ ಎರಡು ಎಳೆ, ಉದ್ದ ಒಂದು ಮೊಳ. ಅದಕ್ಕಿಂತ ಉದ್ದವಾದರೆ ಬಟ್ಟೆಯೊಳಗೆ ಓಡಾಡಿ ಓಡಾಡಿ ಜುಂಗು ಏಳುತ್ತದೆ. ಕೆಂಪು, ಕಪ್ಪು ದಾರವನ್ನು ಮೊದಲು ನೀರಲ್ಲಿ ನೆನೆಸಿ ಬಿಳಿ ಅರಿವೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವಂತಿಲ್ಲ. ಕಸೂತಿ ನಡೆಯುವುದು ಎಣಿಕೆಯ ಮೇಲೆ.

ಗಂಟೂ ಹಾಕುವಂತಿಲ್ಲ. ಗಂಟು ಮೈಗೆ ಒತ್ತುತ್ತದೆ, ಇಸ್ತ್ರಿ ಮಾಡಿದಾಗ ಉಬ್ಬಿ ಕಾಣುತ್ತದೆ, ಒಗೆದಾಗ ಬಿಚ್ಚಲೂಬಹುದು. ಹಿಂಬದಿಯಲ್ಲಿ ಮೂರು ಇಂಚು ದಾರ ಬಿಟ್ಟು ಶುರುಮಾಡಿ, ಕೊನೆಗೆ ಅದನ್ನು ನಾಲ್ಕೈದು ಹೊಲಿಗೆಗಳಡಿ ತೂರಿಸಿ ಕತ್ತರಿಸಿ.

ಒಂದು ಹೊಲಿಗೆಯ ಅಳತೆಗೆ ಒಂದು ಮನೆ ಎನ್ನೋಣ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಹೋಗುತ್ತದೆ. ಗೆರೆ ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಖಾಲಿ ಬಿಟ್ಟ ಮನೆಗಳನ್ನು ತುಂಬಬೇಕು. ಆಗ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇದೇ ಹೊಲಿಗೆ ಮೆಟ್ಟಿಲುಮೆಟ್ಟಿಲಾಗಿ ಏರಿದರೆ ಮುರ್ಗಿ. ಮೊದಲು ಪುಟ್ಟ ಗೋಪುರ ಹಾಕಿ ನೋಡಿ. ತಳ ಐದು ಮನೆ ಬಲಕ್ಕೆ. ಮೇಲೆ ಒಂದು, ಎಡಕ್ಕೆ ಒಂದು, ಮೇಲೆ ಒಂದು, ಎಡಕ್ಕೆ ಒಂದು, ಮೇಲೆ ಒಂದು. ನೆತ್ತಿಗೆ ಎಡಕ್ಕೆ ಒಂದು. ಆಮೇಲೆ ಕೆಳಗೆ, ಎಡಕ್ಕೆ, ಕೆಳಗೆ, ಎಡಕ್ಕೆ, ಕೆಳಗೆ. ಒಟ್ಟು 16 ಮನೆ, ಹೊರಟಲ್ಲಿಗೇ ಬಂದು ಮುಟ್ಟುತ್ತೀರಿ. ಹೊಸಬರು ಎಡವುವುದು ಇಲ್ಲೇ. ಸುತ್ತು ಮುಗಿಯಿತೆಂದು ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರೆ, ಮನೆಗಳ ಎಣಿಕೆ ಸಮಸಂಖ್ಯೆಯಾದ್ದರಿಂದ, ತುಂಬಿದ ಮನೆಯ ಮೇಲೆಯೇ ಮತ್ತೆ ಹೊಲಿಗೆ ಬೀಳುತ್ತದೆ, ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ತಿರುಗಿ ಬಂದ ದಾರಿಯಲ್ಲೇ ಹೋಗಿ.

ಹಿಂದಿರುಗುವಾಗ ಗೆರೆ ಸೊಟ್ಟಗಾದರೆ, ಸೂಜಿ ಮೇಲೆ ಬರುವಾಗ ಹಳೆಯ ಹೊಲಿಗೆಯ ಒಂದು ಮಗ್ಗುಲಿಗೆ, ಇಳಿಯುವಾಗ ಇನ್ನೊಂದು ಮಗ್ಗುಲಿಗೆ ಬರುವಂತೆ ನೋಡಿಕೊಳ್ಳಿ. ಬಟ್ಟೆ ಸುಕ್ಕುಗಟ್ಟಿದರೆ ನೀವು ದಾರ ಬಿಗಿಯಾಗಿ ಎಳೆಯುತ್ತಿದ್ದೀರಿ. ಕೊನೆಗೆ ಗೆರೆ ಕೂಡದಿದ್ದರೆ ಎಲ್ಲೋ ಒಂದು ಎಳೆ ತಪ್ಪಿದೆ. ಅಲ್ಲಿಯವರೆಗೆ ಬಿಚ್ಚುವುದೊಂದೇ ದಾರಿ, ತೇಪೆ ಹಾಕಿದರೆ ಹಿಂಬದಿ ಹೇಳಿಬಿಡುತ್ತದೆ.

ನೇಯ್ಗೆ ಹೊಲಿಗೆ ನೇಯ್ದಂತೆಯೇ ಕಾಣುತ್ತದೆ, ಹಿಂಬದಿಯಲ್ಲಿ ಅದರ ತಿರುವು ರೂಪ. ಮೆಂತೆ ಹೊಲಿಗೆಯಲ್ಲಿ ದಾರ ಅಡ್ಡಡ್ಡ ಕೂಡುವುದರಿಂದ ಎರಡು ಬದಿ ಒಂದೇ ಆಗದು. ಇವೆರಡೂ ಮೈ ತುಂಬಲು, ಆಮೇಲೆ ಕಲಿಯಬಹುದು.

ಈಗ ಗೋಳಗುಮ್ಮಟ. 1656ರಲ್ಲಿ ಮುಗಿದ ಈ ಕಟ್ಟಡವನ್ನು ವಿಜಯಪುರದವರು ದಿನಾ ನೋಡುತ್ತಾರೆ. ಚೌಕುಳಿ ಹಾಳೆ ಹಿಡಿದು ಎದುರಿಗೆ ನಿಂತು ಏನನ್ನು ಬಿಡಬೇಕೆಂದು ಮೊದಲು ಬರೆದುಕೊಳ್ಳಿ. ಕಸೂತಿಯಲ್ಲಿ ಬಾಗು ಗೆರೆಯಿಲ್ಲ. ಗೋಡೆಯ ಕಮಾನು, ಗುಮ್ಮಟದ ಬುಡದ ಎಸಳು, ಮಿನಾರಿನ ಕಿಟಕಿ ಈ ಅಳತೆಯಲ್ಲಿ ಹಿಡಿಸುವುದಿಲ್ಲ. ಬಿಡಲೇಬಾರದ್ದು ಮೂರು: ಅಗಲವಾದ ಮೈ, ಅದನ್ನೆಲ್ಲ ಆಳುವ ಗುಮ್ಮಟ, ಮೂಲೆಯ ಮಿನಾರುಗಳ ಏಳು ಅಂತಸ್ತು. ಹೀಗೆ ಆರಿಸುವಾಗಲೇ ಕಲೆಯ ಕೆಲಸ ಮುಕ್ಕಾಲು ಮುಗಿದಿರುತ್ತದೆ ಎಂಬುದು ನಮ್ಮ ನಂಬಿಕೆ. ಎಲ್ಲವನ್ನೂ ತುಂಬಲು ಹೋದವರ ಗುಮ್ಮಟ ಯಾವ ಊರಿನದೂ ಆಗುವುದಿಲ್ಲ.

ಮೈ 12 ಮನೆ ಅಗಲ, ಎರಡೂ ಕಡೆ ಎರಡೆರಡು ಮನೆಯ ಮಿನಾರು, ಒಟ್ಟು 16. ಒಂದು ಅಂತಸ್ತಿಗೆ ಒಂದು ಮನೆ ಎತ್ತರ, ಏಳು ಅಂತಸ್ತಿನ ನಡುವೆ ಆರು ಅಡ್ಡ ಗೆರೆ. ಪ್ರತಿ ಅಡ್ಡ ಗೆರೆಯನ್ನು ಮಿನಾರಿನ ಒಂದು ಬದಿ ಏರುವಾಗಲೇ ಎರಡು ಮನೆ ಹೋಗಿ ಎರಡು ಮನೆ ಹಿಂದಿರುಗಿ ಪೂರ್ತಿ ಮುಗಿಸಿ ಮುಂದೆ ಸಾಗಿ. ಕವಲನ್ನು ಅರ್ಧಕ್ಕೆ ಬಿಟ್ಟು ಆಮೇಲೆ ಮಾಡುತ್ತೇನೆ ಎಂದರೆ ಹಿಂಬದಿಯಲ್ಲಿ ಉದ್ದ ದಾರ ಜೋತಾಡುತ್ತದೆ. ಗುಮ್ಮಟದ ಬುಡ ಹತ್ತು ಮನೆ, ಮೈಯ ಎರಡೂ ಅಂಚಿನಿಂದ ಒಂದೊಂದು ಮನೆ ಒಳಗೆ. ಮೇಲೆ ಎರಡು, ಒಳಗೆ ಒಂದು, ಮೇಲೆ ಒಂದು, ಒಳಗೆ ಒಂದು, ಮೇಲೆ ಒಂದು, ಒಳಗೆ ಎರಡು, ಮೇಲೆ ಒಂದು. ನೆತ್ತಿಗೆ ಎರಡು ಮನೆ ಉಳಿಯುತ್ತದೆ. ಆಚೆ ಬದಿ ಇದನ್ನೇ ತಿರುವಿ ಇಳಿಯಿರಿ.

ಹಾಳೆಯ ಮೇಲಿನ ಚಿತ್ತಾರವನ್ನು ಏನೂ ಹೇಳದೆ ಮನೆಯ ಹಿರಿಯರಿಗೋ ಮಕ್ಕಳಿಗೋ ತೋರಿಸಿ. ಹೆಸರು ತಟ್ಟನೆ ಬಂದರೆ ಸೂಜಿ ಹಿಡಿಯಿರಿ. ‘ಯಾವುದೋ ಮಸೀದಿ’ ಎಂದರೆ ಗುಮ್ಮಟ ಚಿಕ್ಕದಾಗಿದೆ ಅಥವಾ ಅಂತಸ್ತಿನ ಗೆರೆ ಕಾಣುತ್ತಿಲ್ಲ. ಬಾದಾಮಿ ಕಡೆಯವರು ಬನಶಂಕರಿ ಜಾತ್ರೆಯ ತೇರನ್ನು ಇದೇ ಕ್ರಮದಲ್ಲಿ ಎಣಿಸಿಕೊಳ್ಳಬಹುದು.

ಸೀರೆಗೆ ಹಾಕುವಾಗ ದೊಡ್ಡ ಚಿತ್ತಾರ ಸೆರಗಿನ ಹತ್ತಿರ ಇರಲಿ, ದೂರ ಹೋದಂತೆ ಚಿಕ್ಕದಾಗಲಿ. ಒಡಲು ಬರಿದಾಗಿ ಕಂಡೀತೆಂದು ಹೆದರಿ ಒತ್ತೊತ್ತಾಗಿ ಹಾಕಬೇಡಿ. ಮುಗಿದ ಮೇಲೆ ತಣ್ಣೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ, ದಪ್ಪ ಟವೆಲ್ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿ.