ಮೊಸರಿನ ಪಾರ್ಫೆ: ಮೊದಲು ನೀರು ಇಳಿಸಿ, ಆಮೇಲೆ ಪದರದ ಮಾತು

ಮೊಸರು, ಹಣ್ಣು, ಹುರಿದ ಓಟ್ಸ್ ಮೂರನ್ನೂ ಗಾಜಿನ ಲೋಟಕ್ಕೆ ಪದರ ಪದರವಾಗಿ ಹಾಕಿದರೆ ಪಾರ್ಫೆ ಆಯಿತು, ಅದರಲ್ಲಿ ಕಲಿಯುವುದೇನಿದೆ ಅನ್ನುವವರೇ ಜಾಸ್ತಿ. ಫೋಟೋ ತೆಗೆಯುವ ತನಕ ಎಲ್ಲವೂ ಚೆಂದ. ಅರ್ಧ ಗಂಟೆ ಬಿಟ್ಟು ಅದೇ ಲೋಟ ನೋಡಿ. ತಳದಲ್ಲಿ ಒಂದು ಬೆರಳು ನೀರು, ನಡುವೆ ಹಣ್ಣಿನ ಬಣ್ಣ ಹಿಡಿದ ಗಂಜಿಯಂಥ ಮೊಸರು, ಮೇಲೆ ನೆಂದು ಜೋತುಬಿದ್ದ ಓಟ್ಸ್. ಒಲೆಯ ಕೆಲಸವೇ ಹೆಚ್ಚಿಲ್ಲದ ತಿನಿಸನ್ನೂ ಹೀಗೆ ಕೆಡಿಸುತ್ತಾರಲ್ಲ ಅಂತ ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ತಪ್ಪೆಲ್ಲ ನೀರಿನದು. ಮೊಸರಿನೊಳಗೆ ನೀರಿದೆ, ಹಣ್ಣಿನೊಳಗೆ ನೀರಿದೆ, ತೊಳೆದ ಹಣ್ಣಿನ ಮೈಮೇಲೆ ನೀರಿದೆ, ಒರೆಸದ ಲೋಟದಲ್ಲೂ ನೀರಿದೆ. ಇಷ್ಟನ್ನೂ ಒಟ್ಟಿಗೆ ಸುರಿದು ಪದರ ನಿಲ್ಲಲಿ ಅಂದರೆ ಹೇಗೆ ನಿಂತೀತು? ಪಾರ್ಫೆ ಅನ್ನುವ ಫ್ರೆಂಚ್ ಮಾತಿಗೆ ಪರಿಪೂರ್ಣ ಅಂತ ಅರ್ಥ. ಫ್ರೆಂಚರ ಮೂಲ ಪಾರ್ಫೆಯೇ ಬೇರೆ: ಮೊಟ್ಟೆಯ ಹಳದಿ, ಸಕ್ಕರೆ ಪಾಕ, ಕೆನೆ ಸೇರಿಸಿ ಹೆಪ್ಪುಗಟ್ಟಿಸಿದ ತಿನಿಸು. ನಾವು ಮಾಡುವ ಲೋಟದ ಪಾರ್ಫೆ ಅದಕ್ಕಿಂತ ಎಷ್ಟೋ ಸುಲಭ. ಸುಲಭ ಅಂತಲೇ ಉದಾಸೀನ.

ಇಬ್ಬರಿಗೆ ಅರ್ಧ ಕಿಲೋ ಮೊಸರು ಬೇಕು. ನೀರು ಇಳಿದ ಮೇಲೆ ಹೆಚ್ಚೂಕಡಿಮೆ ಅರ್ಧಕ್ಕೆ ಬರುತ್ತದೆ, ಗಾಬರಿಯಾಗಬೇಡಿ. ಹಾಲು ಕೆನೆಸಹಿತದ್ದಾಗಿರಲಿ, ಮೊಸರು ಅದೇ ದಿನ ಹೆಪ್ಪಾದದ್ದಾಗಿರಲಿ. ಹುಳಿ ಬಂದ ಮೊಸರಿನ ಹುಳಿ ಮುಚ್ಚಲು ಸಕ್ಕರೆ ಸುರಿಯುತ್ತೀರಿ, ಸಕ್ಕರೆ ಕರಗಿ ಮೊಸರು ಮತ್ತೆ ತೆಳ್ಳಗಾಗುತ್ತದೆ, ಆಮೇಲೆ ನನ್ನನ್ನು ಕೇಳುತ್ತೀರಿ. ಪ್ಯಾಕೆಟ್ ಮೊಸರು ತಂದರೆ ಪ್ಯಾಕೆಟ್ಟಿನ ಬೆನ್ನಿಗೆ ಅಚ್ಚಾಗಿರುವುದನ್ನು ಓದಿ. ಗಟ್ಟಿಯಾಗಲಿ ಅಂತ ಪೆಕ್ಟಿನ್, ಜೆಲಾಟಿನ್, ಸ್ಟಾರ್ಚ್ ಬೆರೆಸಿದ ಮೊಸರು ನೀರನ್ನು ಹಿಡಿದುಕೊಂಡು ಕೂರುತ್ತದೆ, ಎಷ್ಟು ಹೊತ್ತು ಕಟ್ಟಿಟ್ಟರೂ ಸರಿಯಾಗಿ ಇಳಿಯುವುದಿಲ್ಲ. ಗ್ರೀಕ್ ಮೊಸರು ಅಂತ ಮಾರುವುದು ಆಗಲೇ ಸೋಸಿದ್ದಾದರೆ ಈ ಕೆಲಸವೇ ಬೇಡ.

ಈಗ ಕಟ್ಟುವ ವಿಷಯ. ಇಲ್ಲಿ ಮಾತ್ರ ನಾನು ಹೇಳಿದಷ್ಟನ್ನೂ ಮಾಡಿ, ಉಳಿದದ್ದರಲ್ಲಿ ನಿಮ್ಮಿಷ್ಟ. ಮೊದಲೆಲ್ಲ ಮೊಸರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದರು, ಕೆಳಗೊಂದು ಪಾತ್ರೆ ಇಟ್ಟು. ತೊಟ್ಟಿಕ್ಕುವ ಸದ್ದು ರಾತ್ರಿಯಿಡೀ ಕೇಳುತ್ತಿತ್ತು, ಬೆಳಗ್ಗೆ ಮೊಸರು ಹುಳಿಯೂ ಆಗಿರುತ್ತಿತ್ತು. ಬೆಚ್ಚಗಿನ ಜಾಗದಲ್ಲಿ ಹೆಪ್ಪಿನ ಕೆಲಸ ನಿಲ್ಲುವುದೇ ಇಲ್ಲವಲ್ಲ. ಫ್ರಿಜ್ ಇದ್ದ ಮೇಲೆ ಅದರೊಳಗೇ ಸೋಸಬೇಕು. ಆಳದ ಪಾತ್ರೆಯ ಮೇಲೆ ಜರಡಿ ಇಡಿ, ಜರಡಿಯ ತಳಕ್ಕೂ ಪಾತ್ರೆಯ ತಳಕ್ಕೂ ಕನಿಷ್ಠ ನಾಲ್ಕು ಬೆರಳು ಅಂತರವಿರಲಿ. ಅಂತರ ಕಡಿಮೆಯಾದರೆ ಇಳಿದ ನೀರು ಮೇಲೇರಿ ಜರಡಿಗೆ ತಾಗುತ್ತದೆ, ಅಲ್ಲಿಗೆ ಸೋರುವುದು ನಿಂತಿತು. ತೆಳು ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಸಿ. ಒಣ ಬಟ್ಟೆ ಹಾಸಿದರೆ ಮೊಸರು ಎಳೆಗೆ ಅಂಟಿಕೊಂಡು ಅರ್ಧ ಅಲ್ಲೇ ಉಳಿಯುತ್ತದೆ. ಮೊಸರನ್ನು ಕಡೆಯದೆ, ದೊಡ್ಡ ಸೌಟಿನಲ್ಲಿ ಹೆಪ್ಪು ಹೆಪ್ಪಾಗಿಯೇ ಎತ್ತಿ ಹಾಕಿ. ಬಟ್ಟೆಯ ಅಂಚುಗಳನ್ನು ಮೇಲೆ ಮಡಚಿ, ಒಂದು ತಟ್ಟೆ ಮುಚ್ಚಿ. ಮುಚ್ಚದಿದ್ದರೆ ಫ್ರಿಜ್ಜಿನಲ್ಲಿ ಹೆಚ್ಚಿಟ್ಟ ಈರುಳ್ಳಿಯ ವಾಸನೆಯೆಲ್ಲ ಮೊಸರಿಗೆ.

ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಮುಂದಿನದನ್ನು ಯಾರೂ ಮಾಡುವುದಿಲ್ಲ. ಒಂದು ಗಂಟೆಯಾದ ಮೇಲೆ ಬಟ್ಟೆ ಬಿಚ್ಚಿ ನೋಡಿ. ಬಟ್ಟೆಗೆ ತಾಗಿದ ಮೊಸರು ಗಟ್ಟಿಯಾಗಿ ಗೋಡೆ ಕಟ್ಟಿರುತ್ತದೆ, ಒಳಗಿನದು ಇನ್ನೂ ಸಡಿಲ. ಆ ಗೋಡೆಯೇ ಒಳಗಿನ ನೀರನ್ನು ತಡೆಯುವುದು. ಚಮಚದ ಬೆನ್ನಿನಿಂದ ಅಂಚಿನ ಗಟ್ಟಿ ಮೊಸರನ್ನು ಮೆಲ್ಲಗೆ ಕೆರೆದು ನಡುವಿಗೆ ತನ್ನಿ, ನಡುವಿನ ಸಡಿಲ ಮೊಸರು ತಾನಾಗಿ ಅಂಚಿಗೆ ಸರಿಯುತ್ತದೆ. ಕಲಕಬೇಡಿ, ಮಗುಚಿ ಹಾಕಿ ಅಷ್ಟೆ. ಇನ್ನೊಂದು ಗಂಟೆ ಬಿಟ್ಟು ಮತ್ತೊಮ್ಮೆ ಹೀಗೇ ಮಾಡಿ. ಒಟ್ಟು 3ರಿಂದ 4 ಗಂಟೆಯಲ್ಲಿ ಎಲ್ಲ ಕಡೆ ಒಂದೇ ಹದಕ್ಕೆ ಬರುತ್ತದೆ. ಹೀಗೆ ಮಗುಚದೆ ರಾತ್ರಿಯಿಡೀ ಬಿಟ್ಟರೆ ಸುತ್ತ ಗಿಣ್ಣಿನ ಹಾಗೆ ಬಿರುಸು, ನಡುವೆ ನೀರು ನೀರು. ಕಲಸಿದರೆ ಗಂಟು ಗಂಟು.

ಬೇಗ ಆಗಲಿ ಅಂತ ಹಿಂಡುವವರೂ ಇದ್ದಾರೆ. ದಯವಿಟ್ಟು ಹಿಂಡಬೇಡಿ. ಇಳಿದ ನೀರು ತಿಳಿಯಾಗಿ, ತುಸು ಹಳದಿ ಹಸಿರು ಬಣ್ಣದಲ್ಲಿ ಇರಬೇಕು. ಆ ಬಣ್ಣ ಅದರಲ್ಲಿರುವ ರೈಬೋಫ್ಲಾವಿನ್ ಅನ್ನುವ ವಿಟಮಿನ್‌ನದು. ನೀರು ಹಾಲಿನ ಹಾಗೆ ಬೆಳ್ಳಗಿದ್ದರೆ ಮೊಸರೇ ಸೋರಿಹೋಗುತ್ತಿದೆ ಅಂತ ಅರ್ಥ. ಒಂದೋ ಬಟ್ಟೆ ಬಹಳ ಜಾಳು, ಇಲ್ಲವೇ ನೀವು ಒತ್ತಿದ್ದೀರಿ. ಹದ ಬಂತೋ ಇಲ್ಲವೋ ನೋಡಲು ಚಮಚದಿಂದ ಒಂದು ಗೆರೆ ಎಳೆಯಿರಿ. ಗೆರೆ ಮುಚ್ಚಬಾರದು, ಅದರಲ್ಲಿ ನೀರು ಒಸರಬಾರದು. ಮೀರಿ ಗಟ್ಟಿಯಾಗಿದ್ದರೆ ಇಳಿದ ನೀರನ್ನೇ ಒಂದೊಂದು ಚಮಚ ಹಾಕಿ ಹದಕ್ಕೆ ತನ್ನಿ. ಬೇರೆ ನೀರೂ ಬೇಡ, ಹಾಲೂ ಬೇಡ. ಉಳಿದ ನೀರನ್ನು ಸಿಂಕಿಗೆ ಚೆಲ್ಲುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಹಿಟ್ಟು ಕಲಸಲು, ಬೇಳೆಗೆ ಬೆರೆಸಲು ಅದಕ್ಕಿಂತ ಒಳ್ಳೆಯದಿಲ್ಲ.

ಆ ಬಟ್ಟೆ ತೊಳೆಯುವ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಸಲ ಮೊಸರಿಗೆ ಮುಗ್ಗಲು ವಾಸನೆ. ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಅಂಶ ಬೆಂದು ಎಳೆಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ತಣ್ಣೀರಿನಲ್ಲಿ ಬೆಳ್ಳಗಿನ ನೀರು ಹೋಗುವ ತನಕ ಜಾಲಿಸಿ, ಆಮೇಲೆ ಕುದಿನೀರಿನಲ್ಲಿ ಹಾಕಿಟ್ಟು, ಬಿಸಿಲಿಗೆ ಒಣಹಾಕಿ. ಪರಿಮಳದ ಸೋಪು ಮುಟ್ಟಿಸಬೇಡಿ. ಹಾಲಿನ ಪಾತ್ರೆಗೂ ಇದೇ ಮಾತು. ಕಾಯಿಸಿದ ಪಾತ್ರೆಗೆ ನೇರ ಬಿಸಿನೀರು ಹಾಕಿ ಗೀಚುತ್ತಾ ಕೂರುವವರನ್ನು ನೋಡಿದಾಗೆಲ್ಲ ಕೈಯಿಂದ ಪಾತ್ರೆ ಕಿತ್ತುಕೊಳ್ಳೋಣ ಅನ್ನಿಸುತ್ತದೆ.

ಸೋಸಿದ ಮೊಸರಿಗೆ ಒಂದು ಚಿಟಿಕೆ ಉಪ್ಪು, ಬೇಕಿದ್ದರೆ ನಾಲ್ಕು ಹನಿ ವೆನಿಲ್ಲಾ ಅಥವಾ ತುಸು ಏಲಕ್ಕಿ ಪುಡಿ. ಸಿಹಿಗೆ ಜೇನು ಎರಡು ಚಮಚ ಸಾಕು, ಹಣ್ಣಿನಲ್ಲೂ ಸಿಹಿ ಇದೆ. ಕೈಯಲ್ಲಿ ಚಮಚ ಹಿಡಿದು ಹತ್ತು ಸುತ್ತು ತಿರುಗಿಸಿ ನಿಲ್ಲಿಸಿ. ಮಿಕ್ಸಿಗೆ ಹಾಕಿದರೆ ಕಟ್ಟಿದ ಮೊಸರಿನ ಜಾಲವೇ ಮುರಿದು, ನಾಲ್ಕು ಗಂಟೆ ಕಾದದ್ದು ಮಜ್ಜಿಗೆ ಪಾಲು. ಒಂದು ವರ್ಷ ತುಂಬದ ಮಗುವಿಗೆ ಕೊಡುವುದಾದರೆ ಜೇನು ಖಂಡಿತ ಬೇಡ.

ಹಣ್ಣಿನ ವಿಷಯದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. ಮೊದಲನೆಯದು ಹಸಿ ಅನಾನಸ್ ಮತ್ತು ಕಿವಿ. ಅನಾನಸ್‌ನಲ್ಲಿ ಬ್ರೊಮೆಲೈನ್, ಕಿವಿಯಲ್ಲಿ ಆಕ್ಟಿನಿಡಿನ್ ಅಂತ ಕಿಣ್ವಗಳಿವೆ. ಇವು ಹಾಲಿನ ಪ್ರೋಟೀನನ್ನು ಒಡೆದು ಮೊಸರನ್ನು ತೆಳ್ಳಗೂ ಕಹಿಯೂ ಮಾಡುತ್ತವೆ. ಪರಂಗಿಯಲ್ಲಿ ಪಪೈನ್ ಇದೆ, ಕಾಯಲ್ಲಿ ಜಾಸ್ತಿ, ಮಾಗಿದ ಹಾಗೆ ಕಡಿಮೆ. ಮೊಸರು ಕೆಟ್ಟಿದೆ ಅಂತ ಬೈಯುವುದು, ಕೆಡಿಸಿದ್ದು ಹಣ್ಣು! ಅನಾನಸ್ ಬೇಕೇ ಬೇಕೆಂದರೆ ಸಣ್ಣಗೆ ಹೆಚ್ಚಿ, ಒಂದು ಚಮಚ ಸಕ್ಕರೆ ಹಾಕಿ ಐದಾರು ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿ. ಶಾಖಕ್ಕೆ ಕಿಣ್ವ ಸಾಯುತ್ತದೆ. ಕಿವಿಯನ್ನು ತಿನ್ನುವ ಹೊತ್ತಿಗೆ ಮೇಲೆ ಇಟ್ಟರೆ ಸಾಕು.

ಎರಡನೆಯದು ಹೆಚ್ಚಿದ ಹಣ್ಣಿಗೆ ಮೊದಲೇ ಸಕ್ಕರೆ ಉದುರಿಸಿ ಇಡುವುದು. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಹಣ್ಣು ಹುಳಿಯಿದ್ದು ಸಕ್ಕರೆ ಬೇಕೇ ಆದರೆ ಕಾಲು ಗಂಟೆ ಇಟ್ಟು, ಬಿಟ್ಟ ರಸವನ್ನು ಸೋಸಿ, ಆ ರಸವನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸಿ ಪಾಕ ಮಾಡಿಕೊಳ್ಳಿ. ಫ್ರೀಜರಿನ ಹಣ್ಣಿಗೂ ಇದೇ ಉಪಾಯ. ಮಂಜಿನ ಹರಳು ಅದರ ಒಡಲನ್ನು ಹರಿದಿರುತ್ತದೆ, ಕರಗಿದ ಕೂಡಲೇ ನೀರು ಬಿಡುತ್ತದೆ, ಜರಡಿಯಲ್ಲಿ ಇಟ್ಟೇ ಕರಗಿಸಿ. ತಾಜಾ ಹಣ್ಣನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಮೈ ಒಣಗಿದ ಮೇಲೇ ಚಾಕು ಹಚ್ಚಿ. ದಾಳಿಂಬೆ, ದ್ರಾಕ್ಷಿ, ಗಟ್ಟಿ ಮಾವು ಒಳ್ಳೆಯವು. ಬಾಳೆಹಣ್ಣು, ಸೇಬು ಕಪ್ಪಾಗುತ್ತವೆ, ಕೊನೆಯಲ್ಲಿ ಹೆಚ್ಚಿ ನಿಂಬೆರಸ ಸವರಿ. ಹೋಳು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಿರಲಿ. ದಪ್ಪ ಹೋಳು ಇಟ್ಟರೆ ಮೇಲಿನ ಮೊಸರು ಸಂದಿಗೆ ಇಳಿದು ಪದರ ಕಲೆತುಹೋಗುತ್ತದೆ.

ಓಟ್ಸ್ ಒಂದು ಲೋಟ, ಬಾದಾಮಿ ಚೂರು ಒಂದು ಹಿಡಿ, ಬೆಣ್ಣೆ ಅಥವಾ ತುಪ್ಪ ಒಂದು ಚಮಚ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಂಟು ಹತ್ತು ನಿಮಿಷ, ಕೈ ಬಿಡದೆ. ಪರಿಮಳ ಬಂದು ಬಣ್ಣ ತಿರುಗಿದ ಮೇಲೆ ಒಂದು ಚಮಚ ಜೇನು ಹಾಕಿ ಒಂದೇ ನಿಮಿಷ ಆಡಿಸಿ ಇಳಿಸಿ. ಜೇನು ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಬಾಣಲೆಯಲ್ಲೇ ಬಿಡಬೇಡಿ, ಅಗಲ ತಟ್ಟೆಗೆ ಹರಡಿ. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ತನ್ನ ಹಬೆಗೆ ತಾನೇ ಮೆತ್ತಗಾಗುತ್ತದೆ. ಕಾಳಿಗೆ ಹತ್ತಿದ ಜಿಡ್ಡು ಮೊಸರಿನ ತೇವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅದಕ್ಕೇ ಒಣ ಹುರಿದ ಓಟ್ಸ್ ಬೇಡ ಅನ್ನುವುದು.

ತುಂಬುವುದಕ್ಕೆ 250 ಮಿಲಿ ಹಿಡಿಯುವ ನೇರ ಗೋಡೆಯ ಲೋಟ ಆರಿಸಿ, ಒಳಗೆಲ್ಲ ಒರೆಸಿ, ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ತಳಕ್ಕೆ ರಸ ಜಾಸ್ತಿಯಿರುವ ಹಣ್ಣು, ಅದರ ರಸ ಇನ್ನೂ ಕೆಳಗೆ ಹೋಗಲಾರದು. ಮೇಲೆ ಮೊಸರು ಎರಡು ದೊಡ್ಡ ಚಮಚ. ನಡುವೆ ಧೊಪ್ಪನೆ ಹಾಕಬೇಡಿ. ಮೊದಲು ಗಾಜಿನ ಅಂಚಿನ ಸುತ್ತ ಹಾಕುತ್ತಾ ಬಂದು ಆಮೇಲೆ ನಡುವೆ ತುಂಬಿ, ಚಮಚದ ಬೆನ್ನಿನಿಂದ ಅಂಚಿಗೆ ಒತ್ತಿ ಸವರಿ. ಅಂಚಿನಲ್ಲಿ ಸಂದಿ ಉಳಿದರೆ ಮೇಲಿನ ರಸ ಅಲ್ಲಿಂದಲೇ ಜಾರಿ ಗಾಜಿನುದ್ದಕ್ಕೂ ಗೆರೆ ಎಳೆಯುತ್ತದೆ. ಆಮೇಲೆ ಒಣ ಹಣ್ಣು, ಅಂದರೆ ದಾಳಿಂಬೆಯಂಥದ್ದು, ಮತ್ತೆ ಮೊಸರು. ಮೂರು ಬೆರಳು ಜಾಗ ಬಿಟ್ಟು ನಿಲ್ಲಿಸಿ. ಅಂಚಿಗೆ ಮೆತ್ತಿದ್ದನ್ನು ಒದ್ದೆ ಬಟ್ಟೆಯ ತುದಿಯಿಂದ ಒರೆಸಿ. ಪಾಕ ಇದ್ದರೆ ಒಂದು ಚಮಚ ನಡುವೆ ಬಿಡಿ, ಅಂಚಿಗೆ ಅಲ್ಲ.

ಬಿಟ್ಟ ಜಾಗಕ್ಕೆ ಓಟ್ಸ್ ಹಾಕುವುದು ತಿನ್ನಲು ಕೊಡುವಾಗ ಮಾತ್ರ, ಅದಕ್ಕೂ ಮೊದಲಲ್ಲ. ಪದರದ ಮಧ್ಯೆ ಹಾಕಿದರೆ ಕಾಲು ಗಂಟೆಯಲ್ಲಿ ತನ್ನ ಗರಿಗರಿ ಬಿಡುತ್ತದೆ. ಬೆಳಗ್ಗೆ ಆಫೀಸಿಗೆ ಒಯ್ಯುವವರು ಹಿಂದಿನ ರಾತ್ರಿ ಮೊಸರು, ಹಣ್ಣು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಓಟ್ಸ್ ಬೇರೆ ಡಬ್ಬಿಯಲ್ಲಿ. ಹಾಗಿಟ್ಟದ್ದು ಒಂದು ದಿನ ಚೆನ್ನಾಗಿರುತ್ತದೆ, ಬಾಳೆಹಣ್ಣು ಇದ್ದರೆ ಅಷ್ಟೂ ಇಲ್ಲ. ಫ್ರಿಜ್ಜಿನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ಚಮಚ ಉದ್ದನೆಯದು ಕೊಡಿ, ತಳದ ಹಣ್ಣಿನಿಂದ ಮೇಲಿನ ಓಟ್ಸ್‌ವರೆಗೆ ಒಂದೇ ತುತ್ತಿಗೆ ಬರಬೇಕು.