ಗಣಿ ಕಾರ್ಮಿಕರ ಮಾತಿಗೆ ಕನ್ನಡ ಸಾಲು: ಸಾಕ್ಷ್ಯಚಿತ್ರಕ್ಕೆ ನಾನು ಸಬ್‌ಟೈಟಲ್ ಮಾಡುವ ರೀತಿ

‘ಕಾಂಟ್ರಾಕ್ಟ್’ ಅನ್ನುವ ಒಂದು ಪದವನ್ನು ಹಾಗೇ ಬಿಟ್ಟರೆ ಇಡೀ ಚಿತ್ರ ತಲೆಕೆಳಗಾಗುತ್ತದೆ. ಬಾರ್ಬರಾ ಕೊಪಲ್ ಅವರ ‘ಹಾರ್ಲನ್ ಕೌಂಟಿ ಯುಎಸ್‌ಎ’ (1976) ಅಮೆರಿಕದ ಕೆಂಟಕಿಯ ಬ್ರೂಕ್‌ಸೈಡ್ ಕಲ್ಲಿದ್ದಲು ಗಣಿಯಲ್ಲಿ 1973ರಲ್ಲಿ ಶುರುವಾದ ಮುಷ್ಕರದ ಸಾಕ್ಷ್ಯಚಿತ್ರ. ಅಲ್ಲಿನ ಕಾರ್ಮಿಕರು ಕೇಳುವುದು ಯೂನಿಯನ್ ಜತೆ ಕಂಪನಿ ಸಹಿ ಹಾಕಬೇಕಾದ ಕಾಂಟ್ರಾಕ್ಟನ್ನು. ನಮ್ಮ ಕಡೆ ಫ್ಯಾಕ್ಟರಿ ಗೇಟಿನಲ್ಲಿ ಕಾಂಟ್ರಾಕ್ಟ್ ಅಂದರೆ ಗುತ್ತಿಗೆ ಕೆಲಸ, ಅಂದರೆ ಯೂನಿಯನ್‌ಗಳು ಯಾವುದನ್ನು ಬೇಡ ಅನ್ನುತ್ತವೋ ಅದೇ. ಇಲ್ಲಿ ‘ಒಪ್ಪಂದ’ ಎಂದೇ ಬರೆಯಬೇಕು. ಅದೇ ಲೆಕ್ಕದಲ್ಲಿ, ಕಲ್ಲಿದ್ದಲು ಧೂಳಿನಿಂದ ಬರುವ ‘ಬ್ಲ್ಯಾಕ್ ಲಂಗ್’ ಕಾಯಿಲೆಗೆ ಕೆಜಿಎಫ್ ಚಿನ್ನದ ಗಣಿಯ ನೆನಪಿನಲ್ಲಿ ‘ಸಿಲಿಕೋಸಿಸ್’ ಎಂದು ಬರೆದುಬಿಡುವವರಿದ್ದಾರೆ. ಸಿಲಿಕೋಸಿಸ್ ಬರುವುದು ಕಲ್ಲಿನ ಸಿಲಿಕಾ ಧೂಳಿನಿಂದ, ರೋಗ ಬೇರೆ. ‘ಕಲ್ಲಿದ್ದಲು ಧೂಳಿನ ಶ್ವಾಸಕೋಶ ರೋಗ’ ಎಂದು ಮೊದಲ ಸಲ ಬಿಡಿಸಿ ಬರೆದು, ಆಮೇಲೆ ‘ಧೂಳಿನ ರೋಗ’ ಎಂದು ಚಿಕ್ಕದು ಮಾಡಿಕೊಳ್ಳುತ್ತೇನೆ. ಡಾಲರನ್ನು ರೂಪಾಯಿ ಮಾಡುವುದಿಲ್ಲ, 1973ರ ಕೂಲಿಗೆ ಇಂದಿನ ದರ ಹಚ್ಚಿದರೆ ಅದು ಸುಳ್ಳು ಲೆಕ್ಕ. ಮೈಲಿ ಮಾತ್ರ ಕಿಲೋಮೀಟರ್ ಆಗಬಹುದು.

ಹಾಗಾಗಿ ಸಾಲು ಬರೆಯುವ ಮೊದಲು ಚಿತ್ರವನ್ನು ಎರಡು ಸಲ ನೋಡಿ ಒಂದು ಪದಪಟ್ಟಿ ಮಾಡುತ್ತೇನೆ: ಸಂಘಟನೆಗಳ ಹೆಸರು, ಊರು, ಕಾಯಿಲೆ, ಕೆಲಸದ ಸಲಕರಣೆ, ಮತ್ತು ಯಾರು ಯಾರನ್ನು ಏನೆಂದು ಕರೆಯುತ್ತಾರೆ ಅನ್ನುವುದು. ಕೊನೆಯದೇ ಕಷ್ಟ. ಇಂಗ್ಲಿಷಿನ ‘ಯೂ’ ಕನ್ನಡಕ್ಕೆ ಬರುವಾಗ ‘ನೀನು’ ಅಥವಾ ‘ನೀವು’ ಆಗಲೇಬೇಕು. ಪೊಲೀಸ್ ಅಧಿಕಾರಿ ಕಾರ್ಮಿಕನಿಗೆ ‘ನೀನು’ ಅಂದ ಎಂದು ಬರೆದರೆ ಅವನ ಬಾಯಿಂದ ನಾವೇ ಒಂದು ಅವಮಾನ ಹೊರಡಿಸಿದಂತೆ. ದನಿಯಲ್ಲಿ ಅದು ಇದ್ದರೆ ಮಾತ್ರ ಬರೆಯಬೇಕು. ಮೂಲ ಚಿತ್ರ ಸ್ಪ್ಯಾನಿಷ್ ಆಗಿದ್ದು ಕೈಯಲ್ಲಿರುವುದು ಇಂಗ್ಲಿಷ್ ಸಬ್‌ಟೈಟಲ್ ಆದರೆ ತೊಡಕು ಇಮ್ಮಡಿ. ಸ್ಪ್ಯಾನಿಷಿನಲ್ಲಿ ‘ತೂ’ (ನೀನು), ‘ಉಸ್ತೆದ್’ (ನೀವು) ಎಂಬ ಭೇದವಿದೆ, ಇಂಗ್ಲಿಷ್ ಅದನ್ನು ನುಂಗಿಬಿಟ್ಟಿರುತ್ತದೆ. ಆಗ ಮೂಲ ಧ್ವನಿಯನ್ನೇ ಕೇಳಬೇಕು. ಅದೂ ಕಣ್ಣುಮುಚ್ಚಿ ಹಾಕುವ ಸೂತ್ರವಲ್ಲ. ಕೊಲಂಬಿಯಾದ ಬೊಗೊಟಾ ಕಡೆ ಮನೆಯವರ ನಡುವೆಯೂ ‘ಉಸ್ತೆದ್’ ನಡೆಯುತ್ತದೆ. ಅಲ್ಲಿ ತಾಯಿ ಮಗನಿಗೆ ‘ನೀವು’ ಅಂದಳು ಎಂದು ಬರೆದರೆ ಕೆಡುತ್ತದೆ.

ಇನ್ನು ವಾಕ್ಯದ ಜೋಡಣೆ. ಸಾಕ್ಷ್ಯಚಿತ್ರದಲ್ಲಿ ಜನ ತಡವರಿಸುತ್ತಾರೆ, ಅರ್ಧಕ್ಕೆ ನಿಲ್ಲುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಆ ತಡವರಿಕೆಯೂ ಸಾಕ್ಷ್ಯವೇ. ಗಂಡನನ್ನು ಗಣಿಯಲ್ಲಿ ಕಳೆದುಕೊಂಡ ಹೆಂಗಸು ಮೊದಲು ‘ಗೊತ್ತಿರಲಿಲ್ಲ’ ಅನ್ನುತ್ತಾಳೆ, ಎರಡು ಸೆಕೆಂಡ್ ಸುಮ್ಮನಾಗುತ್ತಾಳೆ, ಆಮೇಲೆ ಉಳಿದದ್ದು ಬರುತ್ತದೆ ಎಂದಿಟ್ಟುಕೊಳ್ಳಿ. ಪಾಠಪುಸ್ತಕದ ಕನ್ನಡದಲ್ಲಿ ಅದು ‘ಅಂದು ಬೆಳಿಗ್ಗೆ ಹೋದವರು ಹಿಂತಿರುಗುವುದಿಲ್ಲವೆಂದು ನನಗೆ ತಿಳಿದಿರಲಿಲ್ಲ’ ಆಗುತ್ತದೆ. ಅವಳು ಉಳಿದದ್ದನ್ನು ಹೇಳುವ ಮೊದಲೇ ಸಾವಿನ ಸುದ್ದಿ ಪರದೆಯ ಮೇಲೆ ಬಂದುಬಿಟ್ಟಿರುತ್ತದೆ. ಆಡುಗನ್ನಡ ಇಲ್ಲಿ ನಮ್ಮ ಕೈಹಿಡಿಯುತ್ತದೆ:

‘ಗೊತ್ತಿರಲಿಲ್ಲ ನಂಗೆ...’
‘ಅವತ್ತು ಬೆಳಿಗ್ಗೆ ಹೋದೋರು’
‘ತಿರುಗಿ ಬರಲ್ಲ ಅಂತ.’

ಮೂರು ತುಂಡು, ಮೂರೂ ಬೇರೆ ಬೇರೆ ಹೊತ್ತಿಗೆ. ಎರಡನೆಯದು ಅವಳ ತುಟಿ ಅಲುಗುವ ತನಕ ಬರಕೂಡದು. ಈ ಕಾರಣಕ್ಕೇ ಇಂಗ್ಲಿಷ್ ಫೈಲಿನ ಟೈಮಿಂಗನ್ನು ಹಾಗೇ ಇಟ್ಟುಕೊಂಡು ಪಠ್ಯ ಮಾತ್ರ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಆಡುಗನ್ನಡ ಅಂದರೆ ಮಂಡ್ಯದ್ದೋ ಧಾರವಾಡದ್ದೋ ಅಲ್ಲ. ಒಂದೇ ಸೀಮೆಯ ಮಾತು ತೊಡಿಸಿದರೆ ಕೆಂಟಕಿಯವರು ನಮ್ಮೂರಿನವರಾಗಿಬಿಡುತ್ತಾರೆ. ಎಲ್ಲ ಕಡೆಯವರೂ ಓದಬಲ್ಲ ಸಾದಾ ಮಾತು ಸಾಕು.

ಅಳತೆಗೆ ಬಂದರೆ, ಸಾಫ್ಟ್‌ವೇರ್ ತೋರಿಸುವ ‘ಸೆಕೆಂಡಿಗೆ ಇಷ್ಟು ಅಕ್ಷರ’ವನ್ನು ಕನ್ನಡದಲ್ಲಿ ನಂಬಬೇಡಿ. ‘ಕ್ಷೇತ್ರ’ ಓದುವವನಿಗೆ ಎರಡಕ್ಷರ. ಕಂಪ್ಯೂಟರಿನ ಯುನಿಕೋಡ್ ಲೆಕ್ಕದಲ್ಲಿ ಏಳು. ಆದ್ದರಿಂದ ಸಬ್‌ಟೈಟಲ್ ಎಡಿಟ್‌ನಂಥ ಉಚಿತ ತಂತ್ರಾಂಶಗಳು ಸರಿಯಾದ ಸಾಲಿಗೂ ಕೆಂಪು ಬಣ್ಣ ತೋರಿಸಬಹುದು. ನಾನು ಒತ್ತಕ್ಷರ ಸೇರಿಸಿ ಒಂದೆಂದು ಎಣಿಸುತ್ತೇನೆ: ಸೆಕೆಂಡಿಗೆ 7, ಒಂದು ಸಾಲಿಗೆ 22, ಹೆಚ್ಚೆಂದರೆ ಎರಡು ಸಾಲು. ಪೂರ್ತಿ ತುಂಬಿದ ಎರಡು ಸಾಲಿಗೆ ಆರು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಎಷ್ಟೇ ಚಿಕ್ಕ ಮಾತಾದರೂ 1.2 ಸೆಕೆಂಡ್ ನಿಲ್ಲಬೇಕು. ನೋಡುವವರು ಕಾಲೇಜಿನವರಾದರೆ ಸೆಕೆಂಡಿಗೆ 9ರ ತನಕ ಹೋಗಬಹುದು.

ಫಾಂಟ್ ನೋಟೊ ಸಾನ್ಸ್ ಕನ್ನಡ, ಮಧ್ಯಮ ದಪ್ಪ. 1080 ಸಾಲಿನ ವಿಡಿಯೋಗೆ 56ರಿಂದ 60 ಪಿಕ್ಸೆಲ್, ಸುತ್ತ 3 ಪಿಕ್ಸೆಲ್ ಕಪ್ಪು ಅಂಚು. ಬೋಲ್ಡ್ ಹಾಕಿದರೆ ಪ್ರೊಜೆಕ್ಟರಿನಲ್ಲಿ ಥ, ಧ ಒಂದೇ ಥರ ಕಾಣುತ್ತವೆ. ಕೆಲವು ಫಾಂಟುಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ, ಏತ್ವಕ್ಕೆ ತಾಗುತ್ತದೆ. ‘ರಾಷ್ಟ್ರ’ದ ಕೆಳಗೆ ‘ಗಿಡಗಳಿಗೆ’ ಬರೆದು ಮೊದಲೇ ಪರೀಕ್ಷಿಸಿ. ಪರದೆಯಲ್ಲಿ ಕಾಣದೆ ಮಾತಾಡುವವರಿಗೆ ಇಂಗ್ಲಿಷಿನಂತೆ ಓರೆ ಅಕ್ಷರ ಬೇಡ, ಕನ್ನಡ ಓರೆಯಾದರೆ ಓದಲಾಗುವುದಿಲ್ಲ. ತಿಳಿಹಳದಿ ಬಣ್ಣ ಸಾಕು.

ಫೈಲ್ ಯುನಿಕೋಡಿನ ಯುಟಿಎಫ್-8 ರೂಪದಲ್ಲಿರಬೇಕು. ಅನುವಾದಕರು ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಮೊದಲು ಯುನಿಕೋಡಿಗೆ ತಿರುಗಿಸಿಕೊಳ್ಳಿ. ‘ಬ್ರೂಕ್‌ಸೈಡ್’ ಬರೆಯುವಾಗ ನಡುವೆ ಝಡ್‌ಡಬ್ಲ್ಯೂಎನ್‌ಜೆ ಎಂಬ ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ. ಕೆಲವು ‘ಕ್ಲೀನ್’ ಬಟನ್‌ಗಳು ಅದನ್ನು ಅಳಿಸಿಹಾಕಿ ‘ಬ್ರೂಕ್ಸೈಡ್’ ಮಾಡುತ್ತವೆ. ವಿದೇಶಿ ಹೆಸರುಗಳು ತುಂಬಿದ ಚಿತ್ರದಲ್ಲಿ ಇದು ನೂರಾರು ಕಡೆ ಆಗುತ್ತದೆ, ಆದ್ದರಿಂದ ಆ ಬಟನ್ ಮುಟ್ಟುವ ಮೊದಲು ಒಂದು ಪ್ರತಿ ತೆಗೆದಿಡಿ.

ಸಾಲುಗಳು ಮೊದಲು ಸರಿಯಿದ್ದು ಬರುಬರುತ್ತ ಮಾತಿಗಿಂತ ತಡವಾಗುತ್ತ ಹೋದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಓಡುವ ಚಿತ್ರಗಳ ಸಂಖ್ಯೆ, ತಪ್ಪಿದೆ ಎಂದರ್ಥ. 23.976ಕ್ಕೆ ಮಾಡಿದ ಫೈಲನ್ನು 25ರ ಪ್ರತಿಗೆ ಹಾಕಿದರೆ 90 ನಿಮಿಷದ ಹೊತ್ತಿಗೆ ಸುಮಾರು ಮೂರೂಮುಕ್ಕಾಲು ನಿಮಿಷದ ವ್ಯತ್ಯಾಸ ಬರುತ್ತದೆ. ಒಂದೊಂದೇ ಸಾಲು ಸರಿಸುತ್ತ ಕೂರಬೇಡಿ, ಫ್ರೇಮ್ ರೇಟ್ ಬದಲಿಸಿದರೆ ಎಲ್ಲವೂ ಒಟ್ಟಿಗೆ ಕೂರುತ್ತವೆ.

ಪೆನ್‌ಡ್ರೈವಿನಲ್ಲಿ ಬೇರೆ ಸಬ್‌ಟೈಟಲ್ ಫೈಲ್ ಕೊಟ್ಟು ಕಳಿಸಬಾರದು. ಬಹಳಷ್ಟು ಟಿವಿಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ, ಅಥವಾ ಬರೀ ಚೌಕಗಳು ಬರುತ್ತವೆ. ಸಾಲುಗಳನ್ನು ಚಿತ್ರದೊಳಗೇ ಬರ್ನ್ ಮಾಡಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶ ಈ ಕೆಲಸಕ್ಕೆ ಬಳಸುವ ಲಿಬ್‌ಆಸ್ ಎಂಬ ಸಬ್‌ಟೈಟಲ್ ಸಲಕರಣೆ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಜತೆ ಸೇರಿ ಒತ್ತುಗಳನ್ನು ಸರಿಯಾಗಿ ಜೋಡಿಸುತ್ತದೆ. ಇದಕ್ಕೂ ಪ್ರದರ್ಶನಕ್ಕೂ ಹಕ್ಕುದಾರರ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು.

ಕೆಳಗಿನ ಅಂಚಿನಿಂದ 120 ಪಿಕ್ಸೆಲ್ ಮೇಲೆ ಸಾಲು ಇಡುತ್ತೇನೆ. ಸಮುದಾಯ ಭವನದಲ್ಲಿ ಪರದೆ ತಗ್ಗಿನಲ್ಲಿರುತ್ತದೆ, ಮುಂದಿನವರ ತಲೆ ಅಡ್ಡ ಬರುತ್ತದೆ. ಮಾತಾಡುವವರ ಹೆಸರಿನ ಪಟ್ಟಿ ಕೆಳಗೆ ಬಂದಾಗ ಆ ಒಂದು ಸಬ್‌ಟೈಟಲ್ ಸಾಲು ಪರದೆಯ ಮೇಲ್ಭಾಗಕ್ಕೆ ಹೋಗಬೇಕು. ಕಡೆಯದಾಗಿ, ಇಂಗ್ಲಿಷ್ ಬಾರದ, ನಿಧಾನಕ್ಕೆ ಓದುವ ಒಬ್ಬರನ್ನು ಕೊನೇ ಸಾಲಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸಿ. ಅವರು ಸಾಲು ಮುಗಿಸುವ ಮೊದಲೇ ಅದು ಮಾಯವಾದ ಕಡೆಯೆಲ್ಲ ಸಮಯ ಗುರುತು ಹಾಕಿಕೊಂಡು, ಆ ಸಾಲುಗಳಿಂದ ಪದ ಕಳೆಯಿರಿ. ಮುಂದಿನ ಮೌನವನ್ನು ಮಾತ್ರ ಕಡಿಯಬೇಡಿ.